ಮಾತ್ರೆ ನಿಂತಿದೆ, ಕಾಯಿಲೆ ಹೋಗಿಲ್ಲ

ಕಳೆದ ವಾರ ಅಣ್ಣನ ಮನೆಯ ಗೃಹಪ್ರವೇಶ. ಎಲೆಗೆ ಎರಡನೆಯ ಹೋಳಿಗೆ ಬೀಳುವ ಮೊದಲು ಕೈ ಅಡ್ಡ ಹಿಡಿದೆ. ಬಡಿಸುತ್ತಿದ್ದ ಅತ್ತಿಗೆ, "ನಿನಗೆ ಶುಗರ್ ವಾಸಿಯಾಯಿತಲ್ಲ, ಇನ್ನೆಂಥ ಪಥ್ಯ? ಹಾಕಿಸಿಕೋ" ಎಂದು ಪಂಕ್ತಿಗೆಲ್ಲ ಕೇಳುವಂತೆ ಹೇಳಿದರು. ಹೇಳಿದ್ದು ಪ್ರೀತಿಯಿಂದಲೇ. ಆದರೆ ‘ವಾಸಿ’ ಎಂಬ ಆ ಮಾತು ಅಂದಿನಿಂದ ನನ್ನನ್ನು ಕೊರೆಯುತ್ತಿದೆ.

ನನಗೆ ವಾಸಿಯಾಗಿಲ್ಲ. ಮೂರು ವರ್ಷಗಳಿಂದ ಮಾತ್ರೆಯಿಲ್ಲದೆ ಸಕ್ಕರೆ ಮಿತಿಯೊಳಗಿದೆ. ವೈದ್ಯರು ಇದನ್ನು ರೆಮಿಷನ್ ಎನ್ನುತ್ತಾರೆ, ನಾನು ಉಪಶಮನ ಎನ್ನುತ್ತೇನೆ. ಅಮೆರಿಕ, ಯುರೋಪ್, ಬ್ರಿಟನ್ನಿನ ಮಧುಮೇಹ ಸಂಸ್ಥೆಗಳ ತಜ್ಞರು 2021ರಲ್ಲಿ ಒಟ್ಟಾಗಿ ಇದಕ್ಕೊಂದು ಅಳತೆ ಕೊಟ್ಟರು. ಸಕ್ಕರೆ ಇಳಿಸುವ ಔಷಧಗಳನ್ನೆಲ್ಲ ನಿಲ್ಲಿಸಿ ಕನಿಷ್ಠ ಮೂರು ತಿಂಗಳು ಕಳೆದ ಮೇಲೂ ಎಚ್‌ಬಿಎ1ಸಿ, ಅಂದರೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ, ಶೇಕಡ 6.5ಕ್ಕಿಂತ ಕೆಳಗಿದ್ದರೆ ಅದು ಉಪಶಮನ. ಸಕ್ಕರೆ ಇಳಿಸುವ ಮೆಟ್‌ಫಾರ್ಮಿನ್ ಮಾತ್ರೆಯನ್ನು ದಿನಕ್ಕೊಂದು ನುಂಗುತ್ತಾ 6.1 ಬಂದರೆ ಅದು ಒಳ್ಳೆಯ ಹತೋಟಿ, ಸಂತೋಷದ ವಿಷಯ, ಆದರೆ ಉಪಶಮನವಲ್ಲ. ಮನೆಯ ಗ್ಲುಕೋಮೀಟರಿನಲ್ಲಿ ಒಂದು ಬೆಳಿಗ್ಗೆ 98 ಕಂಡರೂ ಅಲ್ಲ. ಹೆಂಗಸರಿಗೆ ಇನ್ನೊಂದು ಮಾತು: ಕಬ್ಬಿಣದ ಕೊರತೆಯಿಂದ ರಕ್ತ ಕಡಿಮೆಯಿದ್ದರೆ ಎಚ್‌ಬಿಎ1ಸಿ ಸರಿಯಾದ ಲೆಕ್ಕ ತೋರಿಸದಿರಬಹುದು. ಅದನ್ನು ವೈದ್ಯರಿಗೆ ನೆನಪಿಸಿ.

ಆ ತಜ್ಞರು ‘ಗುಣವಾಯಿತು’ ಎನ್ನದೆ ಈ ಪದವನ್ನೇ ಆರಿಸಿದ್ದಕ್ಕೆ ಕಾರಣವಿದೆ. ಬ್ರಿಟನ್ನಿನ ಸಂಶೋಧಕರಾದ ನ್ಯೂಕ್ಯಾಸಲ್‌ನ ರಾಯ್ ಟೇಲರ್ ಮತ್ತು ಗ್ಲಾಸ್ಗೊದ ಮೈಕ್ ಲೀನ್ ನಡೆಸಿದ ‘ಡೈರೆಕ್ಟ್’ ಅಧ್ಯಯನದಲ್ಲಿ ಕಾಯಿಲೆ ಬಂದು ಆರು ವರ್ಷ ಮೀರದವರಿಗೆ ಮೂರರಿಂದ ಐದು ತಿಂಗಳು ದಿನಕ್ಕೆ ಸುಮಾರು 850 ಕ್ಯಾಲೊರಿಯ ಆಹಾರ ಕೊಟ್ಟರು. ಒಂದು ವರ್ಷಕ್ಕೆ ಶೇಕಡ 46 ಮಂದಿ ಉಪಶಮನ ಕಂಡರು. 15 ಕಿಲೋ ಅಥವಾ ಹೆಚ್ಚು ಇಳಿಸಿದವರಲ್ಲಂತೂ ಶೇಕಡ 86. ಯಕೃತ್ತಿನಲ್ಲೂ ಮೇದೋಜೀರಕ ಗ್ರಂಥಿಯಲ್ಲೂ ತುಂಬಿದ್ದ ಕೊಬ್ಬು ಕರಗಿ, ಸೋತಿದ್ದ ಇನ್ಸುಲಿನ್ ಕೋಶಗಳು ಮತ್ತೆ ಕೆಲಸಕ್ಕೆ ತೊಡಗಿದ್ದವು. ಆದರೆ ಎರಡನೇ ವರ್ಷಕ್ಕೆ ಆ ಪ್ರಮಾಣ ಶೇಕಡ 36ಕ್ಕೆ ಇಳಿಯಿತು. ತೂಕ ಮರಳಿದಂತೆ ಕೊಬ್ಬು ತನ್ನ ಹಳೆಯ ಜಾಗಕ್ಕೆ ಮರಳುತ್ತದೆ. ನಮ್ಮವರಲ್ಲಿ ನೋಡಲು ತೆಳ್ಳಗಿರುವವರಿಗೂ ಹೊಟ್ಟೆಯೊಳಗೆ ಕೊಬ್ಬು ಕೂರುತ್ತದೆ, ಹಾಗಾಗಿ ಕನ್ನಡಿಯನ್ನು ನಂಬುವಂತಿಲ್ಲ.

ನಾನು ಕನ್ನಡಿಯನ್ನೂ ನಂಬಿದೆ, ‘ವಾಸಿ’ ಎಂಬ ಮಾತನ್ನೂ ನಂಬಿದೆ. ನನ್ನ ಎಚ್‌ಬಿಎ1ಸಿ ವರದಿಯಲ್ಲಿ 5.9 ಬಂದ ದಿನ ನನ್ನನ್ನು ನೋಡುತ್ತಿದ್ದ ವೈದ್ಯರು, "ನಿಮಗೆ ಗುಣವಾಗಿದೆ, ಇನ್ನು ಬರುವ ಅಗತ್ಯವಿಲ್ಲ" ಎಂದು ಫೈಲನ್ನು ನನ್ನ ಕೈಗೇ ಕೊಟ್ಟು ಕಳಿಸಿದರು. ದಾರಿಯುದ್ದಕ್ಕೂ ಅದನ್ನು ಎದೆಗೊತ್ತಿಕೊಂಡು ಬಂದೆ. ಹದಿನಾಲ್ಕು ತಿಂಗಳು ಯಾವ ಪರೀಕ್ಷೆಯನ್ನೂ ಮಾಡಿಸಲಿಲ್ಲ. ಆಮೇಲೊಂದು ದಿನ ಕನ್ನಡಕ ಬದಲಿಸಲು ಹೋದಾಗ ಕಣ್ಣಿಗೆ ಹನಿ ಹಾಕಿ, ಮುಕ್ಕಾಲು ಗಂಟೆ ಕೂರಿಸಿ, ಒಳಗಿನ ಚಿತ್ರ ತೆಗೆದು ತೋರಿಸಿದರು. ಕಿತ್ತಳೆ ಬಣ್ಣದ ಪರದೆಯ ಮೇಲೆ ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳು. "ಶುಗರ್ ಇದೆಯೇ?" ಎಂದು ಕೇಳಿದರು. "ಇತ್ತು" ಎಂದೆ. ಹೇಳಿದ ಕೂಡಲೇ ಆ ಉತ್ತರ ತಪ್ಪೆಂದು ನನಗೇ ಗೊತ್ತಾಯಿತು. ಆ ವಾರ ಎಚ್‌ಬಿಎ1ಸಿ 6.4. ತೂಕ ನಾಲ್ಕು ಕಿಲೋ ಏರಿತ್ತು.

ಉಪಶಮನದಲ್ಲಿರುವವರೂ ವರ್ಷಕ್ಕೊಮ್ಮೆಯಾದರೂ ಎಚ್‌ಬಿಎ1ಸಿ ನೋಡಿಸಬೇಕು, ಕಣ್ಣು, ಮೂತ್ರಪಿಂಡ, ಪಾದಗಳ ತಪಾಸಣೆ ಬಿಡಬಾರದು. 2021ರ ಆ ವರದಿಯೇ ಇದನ್ನು ಹೇಳುತ್ತದೆ. ಹಾಗಿದ್ದ ಮೇಲೆ ಮಾತ್ರೆ ನಿಂತವರನ್ನು ಪಟ್ಟಿಯಿಂದಲೇ ಕೈಬಿಡುವುದೇಕೆ? ಮಾತ್ರೆ ತಿನ್ನುವವರಿಗೆ ಮುಂದಿನ ದಿನಾಂಕ ಬರೆದುಕೊಡುತ್ತಾರೆ. ನಮಗೂ ಬರೆದುಕೊಡಲಿ.

ಮನೆಯಲ್ಲಿ ಈಗ ನನ್ನ ಪಾಲಿನ ಅಕ್ಕಿಯನ್ನು ಅಮ್ಮನ ಹಳೆಯ ಹಿತ್ತಾಳೆ ಚಟಾಕಿನಲ್ಲಿ ಅಳೆಯುತ್ತೇನೆ. ತಲೆ ಸವರಿದ ಅಳತೆ, ಗೋಪುರ ಕಟ್ಟುವಂತಿಲ್ಲ. ರಾಗಿ ಮುದ್ದೆ ಎಷ್ಟು ತಿಂದರೂ ಆದೀತು ಎಂಬುದೂ ಸುಳ್ಳು, ಅದರಲ್ಲಿರುವುದೂ ಪಿಷ್ಟವೇ. ನನ್ನ ಮುದ್ದೆ ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು, ಸೊಪ್ಪಿನ ಸಾರು ಬಟ್ಟಲು ತುಂಬ. ಭಾನುವಾರ ಬೆಳಿಗ್ಗೆ ತೂಕ ನೋಡುತ್ತೇನೆ. ಎರಡು ಕಿಲೋ ಏರಿದರೆ ಹಬ್ಬವಿರಲಿ, ನೆಂಟರಿರಲಿ, ಆ ದಿನದಿಂದಲೇ ಬಿಗಿ. ಇದನ್ನು ಓದಿ ಯಾರೂ ತಾವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಕಾಯಿಲೆ ಬಂದು ಬಹಳ ವರ್ಷವಾದವರಿಗೆ ಉಪಶಮನ ಕಷ್ಟ, ಅದು ಅವರ ತಪ್ಪಲ್ಲ.

ನಮ್ಮ ಬೀದಿಯ ಒಬ್ಬರು ನನ್ನ ಜೊತೆಗೇ ಮಾತ್ರೆ ಬಿಟ್ಟಿದ್ದರು. ಹೋದ ತಿಂಗಳು ಸಕ್ಕರೆ ಮತ್ತೆ ಏರಿ, ಮಾತ್ರೆ ಮತ್ತೆ ಶುರುವಾಗಿದೆ. ಮನೆಯವರಿಗೆ ತಿಳಿಯಬಾರದೆಂದು ಮಾತ್ರೆಯ ಪಟ್ಟಿಯನ್ನು ಬೇಳೆ ಡಬ್ಬಿಯ ಹಿಂದೆ ಬಚ್ಚಿಟ್ಟಿದ್ದಾರೆ. "ಎಲ್ಲರಿಗೂ ವಾಸಿಯಾಯಿತೆಂದು ಹೇಳಿಬಿಟ್ಟಿದ್ದೆನಲ್ಲ" ಎಂದು ಅತ್ತರು. ಕಾಯಿಲೆ ಮರಳಿದ್ದಕ್ಕಿಂತ ಆ ನಾಚಿಕೆಯೇ ಅವರನ್ನು ಹೆಚ್ಚು ತಿನ್ನುತ್ತಿತ್ತು. ಡಬ್ಬಿಯ ಹಿಂದಿನಿಂದ ಮಾತ್ರೆ ತೆಗೆದು ನೀರಿನ ಲೋಟದ ಪಕ್ಕದಲ್ಲಿಡಿ ಎಂದು ಹೇಳಿ ಬಂದಿದ್ದೇನೆ. ಗುರುವಾರ ಇಬ್ಬರೂ ಒಟ್ಟಿಗೆ ಕಣ್ಣಿನ ತಪಾಸಣೆಗೆ ಹೋಗುತ್ತಿದ್ದೇವೆ.