ಡಬ್ಬಿ ಉಳೀತ್ರಿ, ಸರ

ಹಳೇ ಕಂಪ್ಯೂಟರ್ ನಿಧಾನ ಆಗಿತ್ತು. ಹೊಸ ಪ್ರೊಸೆಸರ್ ಒಂದು ಹಾಕಿಸಿದರೆ ಇನ್ನೈದು ವರ್ಷ ಓಡುತ್ತೆ ಅಂತ ಲೆಕ್ಕ ಹಾಕಿ, ಡಬ್ಬಿಯನ್ನು ಸ್ಕೂಟರ್ ಮುಂದೆ ಇಟ್ಟುಕೊಂಡು ಕಲಬುರಗಿಯ ಸೂಪರ್ ಮಾರ್ಕೆಟ್‌ಗೆ ಹೋದೆ. ಮೇ ತಿಂಗಳ ಮಧ್ಯಾಹ್ನ ಮೂರು ಗಂಟೆ. ನನ್ನ ಬುದ್ಧಿಗೆ ಇಷ್ಟು ಹೇಳಿದರೆ ಸಾಕು.

ರಿಪೇರಿ ಹುಡುಗ ಮುಚ್ಚಳ ತೆಗೆದು ಉಫ್ ಅಂತ ಊದಿದ. ಹತ್ತು ವರ್ಷದ ಧೂಳು ನನ್ನ ಅಂಗಿ ಮೇಲೆ ಬಂದು ಕೂತಿತು.

"ಪ್ರೊಸೆಸರ್ ಹೊಸಾದು ಹಾಕಬೇಕಂದ್ರ ಬೋರ್ಡೂ ಹೊಸಾದು ಬೇಕ್ರಿ ಸರ. ಬೋರ್ಡಿನ್ಯಾಗ ಅದು ಕೂಡೋ ಸಾಕೆಟ್ ಬದಲಾಗ್ಯಾದ."

"ಆಯ್ತು ತಮ್ಮಾ, ಬೋರ್ಡ್ ಹಾಕು."

"ಬೋರ್ಡ್ ಹೊಸಾದಾದ್ರ ಈ ರ‍್ಯಾಮ್ ನಡಿಯಲ್ರಿ."

"ಮತ್ತ ನಂದೇನು ಉಳೀತು?"

"ಡಬ್ಬಿ ಉಳೀತ್ರಿ, ಸರ."

ನಮ್ಮ ಗಂಜ್‌ನಲ್ಲಿ, ಅಂದರೆ ಕಾಳಿನ ಮಾರುಕಟ್ಟೆಯಲ್ಲಿ, ಇಂಥ ಆಟ ಆಡಲಿ ನೋಡೋಣ. ತೊಗರಿ ತಂದ ರೈತನಿಗೆ ಅಡತಿ ಅಂಗಡಿಯವರು "ಹೋದ ವರ್ಷದ ಚೀಲ ಈ ವರ್ಷ ನಡಿಯಂಗಿಲ್ಲ. ಚೀಲ ಅದೇ, ಅಳತಿ ಅದೇ, ಹೊಲಿಗಿ ಬ್ಯಾರೆ" ಅಂದರೆ ಸಂಜೆಯೊಳಗೆ ರಸ್ತೆ ತಡೆ ಆಗಿರುತ್ತೆ.

ಚಿಪ್ ಲೋಕದಲ್ಲಿ ಇದನ್ನೇ ಮಾಡಿ ತೋರಿಸಿದ್ದಾರೆ. 2015ರಲ್ಲಿ ಚಿಪ್ ಕಂಪನಿ ಇಂಟೆಲ್ ಎಲ್‌ಜಿಎ 1151 ಅನ್ನೋ ಸಾಕೆಟ್ ತಂದಿತು. 1151 ಅಂದರೆ ಅದರ ಪಿನ್‌ಗಳ ಲೆಕ್ಕ. 2017ರಲ್ಲಿ ಎಂಟನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್ ಬಂತು. ಪಿನ್ ಅಷ್ಟೇ, ಹೆಸರೂ ಅದೇ. ಹಳೇ ಬೋರ್ಡಿನಲ್ಲಿ ಅಚ್ಚುಕಟ್ಟಾಗಿ ಕೂರುತ್ತಿತ್ತು, ಏಳುತ್ತಿರಲಿಲ್ಲ. ಜಾಸ್ತಿ ಕೋರ್‌ಗೆ (ಚಿಪ್ಪಿನೊಳಗೆ ಲೆಕ್ಕ ಮಾಡೋ ಘಟಕಕ್ಕೆ) ಜಾಸ್ತಿ ಕರೆಂಟ್ ಬೇಕು, ಅದಕ್ಕೇ ಪಿನ್‌ಗಳ ಕೆಲಸ ಬದಲಾಗಿದೆ ಅನ್ನೋದು ಕಂಪನಿಯ ಮಾತು. ಕೆಲಸವಿಲ್ಲದ ಕೆಲವು ಹುಡುಗರು ಪಿನ್‌ಗಳಿಗೆ ಚೂರು ಟೇಪ್ ಅಂಟಿಸಿ, ಬೋರ್ಡನ್ನು ಎಬ್ಬಿಸೋ ಬಯೋಸ್ ತಂತ್ರಾಂಶ ತಿದ್ದಿ, ಅದೇ ಹಳೇ ಬೋರ್ಡಿನಲ್ಲಿ ಓಡಿಸಿಬಿಟ್ಟರು.

ಇದಕ್ಕೂ ಹಿಂದಿನ ಕಥೆ ಇನ್ನೂ ಚಂದ. ಸಾಕೆಟ್ 7 ಅಂತ ಒಂದಿತ್ತು. ಇಂಟೆಲ್, ಎಎಂಡಿ, ಸೈರಿಕ್ಸ್ ಮೂರೂ ಕಂಪನಿಗಳ ಚಿಪ್ಪು ಒಂದೇ ಬೋರ್ಡಿನಲ್ಲಿ ಕೂರುತ್ತಿತ್ತು. ಪಂಕ್ತಿ ಊಟ ಇದ್ದಹಾಗೆ. 1997ರಲ್ಲಿ ಇಂಟೆಲ್ ಪೆಂಟಿಯಂ 2 ಚಿಪ್ ಜೊತೆ ಸ್ಲಾಟ್ 1 ಅನ್ನೋ ಬೇರೆ ಕನೆಕ್ಟರ್ ತಂದು, ತನ್ನ ಎಲೆ ಎತ್ತಿಕೊಂಡು ಬೇರೆ ಕೋಣೆಗೆ ಹೋಯಿತು. ಎಎಂಡಿ ಸುಮ್ನೆ ಇರುತ್ತಾ? 1999ರಲ್ಲಿ ಸ್ಲಾಟ್ ಎ ತಂದಿತು. ಅದೇ ಕನೆಕ್ಟರ್, ಹಿಂದುಮುಂದು ತಿರುಗಿಸಿ ಕೂರಿಸಿದ್ದು. ಒಂದೇ ಅಳತೆಯ ಎರಡು ಮನೆ, ಬಾಗಿಲು ಮಾತ್ರ ಮುಖ ತಿರುಗಿಸಿಕೊಂಡಿವೆ.

ಬೇಕಾದಾಗ ಮಾತ್ರ ಮಡಿ ಸಡಿಲ ಆಗುತ್ತೆ. ಚಿಪ್ ಒಂದೇ ಸಲಕ್ಕೆ 64 ಬಿಟ್‌ನ ದೊಡ್ಡ ಲೆಕ್ಕ ಮಾಡಲಿ ಅಂತ ಇಂಟೆಲ್ 2001ರಲ್ಲಿ ಇಟೇನಿಯಂ ಅಂತ ಹೊಸ ದಾರಿಯನ್ನೇ ಕಡಿಯಿತು. ಆ ದಾರಿಯಲ್ಲಿ ಜನ ಬರಲಿಲ್ಲ. ಎಎಂಡಿ 2003ರಲ್ಲಿ ಇಬ್ಬರ ಚಿಪ್ಪಿಗೂ ಗೊತ್ತಿದ್ದ ಆದೇಶಗಳ ಭಾಷೆ, ಆ ಹಳೇ ಎಕ್ಸ್86 ದಾರಿಯನ್ನೇ ಅಗಲ ಮಾಡಿತು. ಮರುವರ್ಷ ಇಂಟೆಲ್ ಅದೇ ದಾರಿಗೆ ಬಂತು, ನಾಮಫಲಕದ ಮೇಲೆ ಬೇರೆ ಹೆಸರು ಬರೆದುಕೊಂಡು.

ನಮ್ಮ ಕಡೆ ಹೊಲದ ಬದುವಿಗೆ ಜಗಳ ಆಡಿ ಮಾತು ಬಿಟ್ಟ ಅಣ್ಣತಮ್ಮಂದಿರನ್ನು ನೋಡಿರುತ್ತೀರಿ. ಮೂರನೆಯವ ಬಂದು ಅದೇ ಬದುವಿಗೆ ನೇಗಿಲು ಹಾಕಿದ ದಿನ ಇಬ್ಬರೂ ಒಂದೇ ಕಟ್ಟೆ ಮೇಲೆ ಕೂತು ಚಹಾ ಕುಡಿಯುತ್ತಾರೆ. ಎಕ್ಸ್86 ಅಲ್ಲದ ಬೇರೆ ಭಾಷೆಯ ಆರ್ಮ್ ಚಿಪ್‌ಗಳು ಮೊಬೈಲ್ ದಾಟಿ ಲ್ಯಾಪ್‌ಟಾಪ್‌ಗೆ, ಸರ್ವರ್‌ಗೆ ನುಗ್ಗಿದ ಮೇಲೆ, 2024ರ ಅಕ್ಟೋಬರ್‌ನಲ್ಲಿ ಇಂಟೆಲ್ ಮತ್ತು ಎಎಂಡಿ ಸೇರಿ ಎಕ್ಸ್86ಗೆ ಒಂದು ಸಲಹಾ ಬಳಗ ಕಟ್ಟಿದವು. ಚಹಾ ಯಾರು ಕೊಡಿಸಿದರೋ ಗೊತ್ತಿಲ್ಲ.

ಎಐ ಚಿಪ್‌ಗಳಲ್ಲಂತೂ ಇದು ಮದುವೆ ಮನೆ ರಾಜಕೀಯ. ಎಐ ಚಿಪ್ ಮಾಡೋ ಎನ್ವಿಡಿಯಾಗೆ ಚಿಪ್‌ಗಳನ್ನು ಒಂದಕ್ಕೊಂದು ಜೋಡಿಸೋಕೆ ತನ್ನದೇ ಎನ್‌ವಿಲಿಂಕ್ ಇದೆ. ಅದಕ್ಕೆ ಎದುರಾಗಿ 2024ರಲ್ಲಿ ಎಎಂಡಿ, ಇಂಟೆಲ್, ಗೂಗಲ್, ಮೆಟಾ, ಮೈಕ್ರೋಸಾಫ್ಟ್ ಎಲ್ಲ ಸೇರಿ ಯುಎಲಿಂಕ್ ಅನ್ನೋ ಎಲ್ಲರ ದಾರಿ ಘೋಷಿಸಿದರು. 2025ರಲ್ಲಿ ಎನ್ವಿಡಿಯಾ ದೊಡ್ಡ ಮನಸ್ಸು ಮಾಡಿ ಎನ್‌ವಿಲಿಂಕ್ ಬಾಗಿಲು ಹೊರಗಿನವರಿಗೂ ತೆರೆಯಿತು. ಎಲ್ಲರೂ ಬನ್ನಿ, ತಟ್ಟೆಯೋ ಲೋಟವೋ ಒಂದಾದರೂ ನಮ್ಮದೇ ಇರಲಿ ಅನ್ನೋ ಕರಾರು ಬೇರೆ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಎನ್ವಿಡಿಯಾ ಇಂಟೆಲ್‌ನಲ್ಲಿ 500 ಕೋಟಿ ಡಾಲರ್ ಹೂಡುವುದಾಗಿ ಹೇಳಿತು. ಇಂಟೆಲ್ ಎನ್‌ವಿಲಿಂಕ್ ಇರುವ ಪ್ರೊಸೆಸರ್ ಮಾಡಿಕೊಡುತ್ತದಂತೆ. ಗಂಡಿನ ಕಡೆ ದಿಬ್ಬಣದಲ್ಲಿ ಬಂದವರು ಹೆಣ್ಣಿನ ಕಡೆ ಬೀಗರಾಗಿ ಕೂತಿದ್ದಾರೆ, ಅಲ್ವಾ?

ಇಷ್ಟರಲ್ಲಿ ಹುಡುಗ ಹೊಸ ಬೋರ್ಡನ್ನು ನನ್ನ ಹಳೇ ಡಬ್ಬಿಯೊಳಗೆ ಇಟ್ಟಿದ್ದ. ಸ್ಕ್ರೂ ತೂತುಗಳು ಒಂದಕ್ಕೊಂದು ನೇರ ಕೂತವು.

"ಇದ್ಹೆಂಗ ಕೂಡ್ತು?" ಅಂದೆ.

"ಎಟಿಎಕ್ಸ್ ಅಳತಿ ರೀ ಸರ. 1995ರಾಗ ಇಂಟೆಲ್‌ದವರೇ ಮಾಡ್ಯಾರ. ಎಎಂಡಿ ಬೋರ್ಡೂ ಇದರಾಗೇ ಕೂಡ್ತದ. ಡಬ್ಬಿ ಮಾತ್ರ ಒಗಿಬ್ಯಾಡ್ರಿ."