ಢಾಕಾಕ್ಕಿಂತ ಮೊದಲು ಬಿದ್ದವನು

1971ರ ಡಿಸೆಂಬರ್‌ನಲ್ಲಿ ನಾನು ಕಲಬುರಗಿಯ ಒಂದು ಸಣ್ಣ ಕಾಲೇಜಿನಲ್ಲಿ ಬಿ.ಎ. ಮೊದಲ ವರ್ಷ ಓದುತ್ತಿದ್ದೆ. ಓದುತ್ತಿದ್ದೆ ಅನ್ನುವುದು ಫಾರ್ಮಿನಲ್ಲಿ ಬರೆಯುವ ಮಾತು, ಬಿಡಿ. ರಾಜ್ಯಕ್ಕೆ ಆಗಿನ್ನೂ ಮೈಸೂರು ಅಂತ ಹೆಸರು. ಬೋರ್ಡುಗಳ ಮೇಲೆ ಗುಲ್ಬರ್ಗ. ನಮ್ಮ ಬಾಯಲ್ಲಿ ಮಾತ್ರ ಆಗಲೂ ಕಲಬುರ್ಗಿ.

3ನೇ ತಾರೀಖು ಸಂಜೆ ಪಾಕಿಸ್ತಾನದ ವಿಮಾನಗಳು ನಮ್ಮ ವಾಯುನೆಲೆಗಳ ಮೇಲೆ ಬಾಂಬು ಹಾಕಿದವು. ಮಧ್ಯರಾತ್ರಿ ಇಂದಿರಾ ಗಾಂಧಿ ರೇಡಿಯೊದಲ್ಲಿ ಮಾತಾಡಿದರು. ಬೆಳಗಾಗುವಷ್ಟರಲ್ಲಿ ನಮ್ಮ ಹಾಸ್ಟೆಲ್ ವಾರ್ಡನ್ನರೂ ಯುದ್ಧ ಸಾರಿಬಿಟ್ಟಿದ್ದರು. ನಮ್ಮೂರಿಂದ ಯಾವ ಗಡಿ ಮುಟ್ಟಬೇಕಾದರೂ ರೈಲಿನಲ್ಲಿ ಕೂತು ಕೂತು ಸೊಂಟ ಬೀಳಬೇಕು. ಅದನ್ನು ಅವರಿಗೆ ಹೇಳುವವರು ಯಾರು?

ಮೊದಲ ಆಜ್ಞೆ, ಸಂಜೆ ಏಳರ ಮೇಲೆ ಬತ್ತಿ ಬಂದ್. ಕಿಟಕಿಗಳಿಗೆ ಕಂದು ಕಾಗದ ಹಚ್ಚಿದೆವು. ಅಂಟಿಗೆ ಮೆಸ್ಸಿನ ಗೋಧಿಹಿಟ್ಟಿನ ಸರಿ. ಆ ಸರಿಯ ರುಚಿ ಇಲಿಗಳಿಗೆ ಹತ್ತಿ, ಮರುದಿನವೇ ಕಾಗದದಲ್ಲಿ ಕಿಂಡಿಗಳು. ಅಲ್ಲದೆ ಹೊಸ್ತಿಲ ಹುಣ್ಣಿಮೆ ಮುಗಿದು ಎರಡೇ ದಿನವಾಗಿತ್ತು. ನಾವು ಬತ್ತಿ ಆರಿಸಿ ಕೂತರೆ ಹೊರಗೆ ಹಿಟ್ಟು ಚೆಲ್ಲಿದಂಥ ಬೆಳದಿಂಗಳು. ಕತ್ತಲಾಗಿದ್ದು ಮೆಸ್ಸಿನೊಳಗೆ ಮಾತ್ರ. ನಾನು ಪುಂಡಿಪಲ್ಯ ಅಂತ ರೊಟ್ಟಿಯ ತುಂಬ ಬಳಿದುಕೊಂಡದ್ದು ಕೆಂಪು ಖಾರ. ಆ ರಾತ್ರಿ ಒಂದು ಕೊಡ ನೀರು ನನಗೊಬ್ಬನಿಗೇ ಖರ್ಚಾಯಿತು.

ಎರಡನೇ ಆಜ್ಞೆ ಕಂದಕ. ವಾರ್ಡನ್ನರು ಇತಿಹಾಸ ಕಲಿಸುವವರು. ನಮ್ಮ ಬಹಮನಿ ಕೋಟೆಯ ಸುತ್ತ ಕಂದಕ ಇದೆಯಲ್ಲ, ಹಾಗೆ ಹಾಸ್ಟೆಲ್ ಹಿಂದೆಯೂ ಒಂದು ಇರಬೇಕು, ವಿಮಾನ ಬಂದರೆ ಎಲ್ಲರೂ ಅದರಲ್ಲಿ ಇಳಿಯಬೇಕು ಅಂದರು. 'ಹಂಗಾರ ಕ್ವಾಟ್ಯಾಗಿನ ಬಾರಾಗಜ್ ತೋಪಿಗೂ ಮದ್ದು ತುಂಬೂಣೇನ್ರಿ ಸರ್?' ಅಂತ ಒಬ್ಬ ಕೇಳಿದ. ಅವನಿಗೆ ಮೊದಲ ಗುದ್ದಲಿ ಸಿಕ್ಕಿತು.

ಕಲಬುರಗಿ ಅಂದರೆ ಕಲ್ಲಿನ ನೆಲ ಅಂತ ಹೇಳುತ್ತಾರೆ. ಅದು ಖರೆ ಅಂತ ನಮಗೆ ಎರಡನೇ ದಿನ ಗೊತ್ತಾಯಿತು. ಮೇಲೆ ಅಂಟಂಟು ಕರಿಮಣ್ಣು. ಅದರ ಕೆಳಗೆ ಗುದ್ದಲಿ ಹಾಕಿದರೆ ಠಣ್! ಹಲ್ಲೆಲ್ಲ ಜುಮ್ಮೆನ್ನುತ್ತಿತ್ತು. ಮೂರು ದಿನ ಬಡಿದರೂ ಎರಡೂವರೆ ಅಡಿಗಿಂತ ಕೆಳಗೆ ಹೋಗಲಿಲ್ಲ. ಅದರಲ್ಲಿ ಮಲಗಿದರೆ ಹೊಟ್ಟೆ ಇದ್ದವರ ಹೊಟ್ಟೆ ಮೇಲೆ ಕಾಣುತ್ತಿತ್ತು. ವಾರ್ಡನ್ನರು ಅದನ್ನು ಕಂದಕ ಅಂದರು. ನಾವು ಖಡ್ಡಾ ಅಂದೆವು. ಈ ಖಡ್ಡಾ ಅನ್ನುವ ಶಬ್ದ ನೆನಪಿಟ್ಟುಕೊಳ್ಳಿ, ನನ್ನ ಮಾನ ಕಳೆದದ್ದು ಅದೇ.

ನನ್ನ ಚಿಂತೆ ಬೇರೆ ಇತ್ತು. 17ಕ್ಕೆ ಎಳ್ಳಮಾವಾಸ್ಯೆ. ಸಜ್ಜಿ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ, ಹೊಲದಲ್ಲಿ ಭೂಮಿತಾಯಿಗೆ ಎಡೆ ಚೆಲ್ಲುವ ಚರಗ. ನಮ್ಮ ಕಡೆಯವನಿಗೆ ದೀಪಾವಳಿ ತಪ್ಪಿದರೂ ನಡೆದೀತು, ಇದು ತಪ್ಪಬಾರದು. ರಜೆ ಕೇಳಿದೆ. 'ದೇಶಕ್ಕ ಯುದ್ಧದ ಚಿಂತಿ, ನಿನಗ ಭಜ್ಜಿ ಚಿಂತಿ!' ಅಂತ ವಾರ್ಡನ್ನರು ಎಲ್ಲರ ಎದುರು ಬೈದರು. ಮೂರನೇ ಆಜ್ಞೆ, ಯುದ್ಧ ಮುಗಿಯುವ ತನಕ ಯಾರೂ ಊರಿಗೆ ಹೋಗುವಂತಿಲ್ಲ.

12ರ ರಾತ್ರಿ ತಂಬಿಗೆ ಹಿಡಿದು ಹೊರಗೆ ಹೋದೆ. ಹುಣ್ಣಿಮೆ ಹೋಗಿ ಹತ್ತು ದಿನ, ಕಗ್ಗತ್ತಲು. ನಾನೇ ತೋಡಿದ ಮೂಲೆಯಲ್ಲಿ ನಾನೇ ಬಿದ್ದೆ. ಹಿತ್ತಾಳೆ ತಂಬಿಗೆ ಕಲ್ಲಿಗೆ ಬಡಿದು ಠಣಠಣ ಉರುಳಿತು. ಒಳಗಿದ್ದ ವಾರ್ಡನ್ನರು ಅದನ್ನು ಅಪಾಯದ ಗಂಟೆ ಅಂದುಕೊಂಡು 'ಎಲ್ಲಾರೂ ನೆಲಕ್ಕ ಬೀಳ್ರಿ!' ಅಂತ ಕೂಗಿದರು. ಹುಡುಗರೆಲ್ಲ ಶಹಾಬಾದಿ ಫರಸಿಯ ಮೇಲೆ ಬೋರಲು ಬಿದ್ದರು. ನಾನು 'ಏ, ನಾ ಬಿದ್ದೀನ್ರೋ!' ಅಂತ ಅರಚಿದೆ. 'ನಾವೂ ಬಿದ್ದೀವಿ, ಸುಮ್ ಬೀಳಲೇ!' ಅಂತ ಒಳಗಿಂದ ಉತ್ತರ ಬಂತು. ಹದಿನೈದು ನಿಮಿಷ ಯಾರೂ ಏಳಲಿಲ್ಲ. ಅಷ್ಟರಲ್ಲಿ ನನ್ನ ಬಲಗಾಲಿನ ಗೆಣ್ಣು ಬದನೆಕಾಯಿಯಷ್ಟಾಗಿತ್ತು.

ಊರಿಗೆ ಸುದ್ದಿ ಮುಟ್ಟಿಸಬೇಕಿತ್ತು. ಆಗ ಪೂರ್ವ ಪಾಕಿಸ್ತಾನದಿಂದ ಬಂದ ನಿರಾಶ್ರಿತರ ಸಲುವಾಗಿ ಪತ್ರಕ್ಕೆ 5 ಪೈಸೆಯ ಇನ್ನೊಂದು ಸ್ಟಾಂಪು ಹಚ್ಚಬೇಕಾಗಿತ್ತು. ನನ್ನ ರೂಮಿನ ಗೆಳೆಯ ಆ 5 ಪೈಸೆ ಉಳಿಸಿದ. ಬಸ್ ಸ್ಟ್ಯಾಂಡಿಗೆ ಹೋಗಿ ಆಳಂದ ಕಡೆ ಹೋಗುವ ಬಸ್ಸಿನ ಕಂಡಕ್ಟರನಿಗೆ, 'ಇಂಥವರ ಮಗ ಖಡ್ಡಾದಾಗ ಬಿದ್ದಾನ, ಅವರಪ್ಪಗ ಹೇಳ್ರಿ' ಅಂತ ಹೇಳಿ ಬಂದ. ಕಂಡಕ್ಟರ್ ನಮ್ಮೂರ ಚಹಾದ ಅಂಗಡಿಯಲ್ಲಿ ಹೇಳಿದ. ಅಲ್ಲಿ ರೇಡಿಯೊ ಹಚ್ಚಿತ್ತು. ಹೊತ್ತಿಗೊಮ್ಮೆ ಢಾಕಾ, ಢಾಕಾ. ಚಹಾ ಸೋಸುವವನ ಕಿವಿಗೆ ಬಿದ್ದದ್ದು, 'ಇಂಥವರ ಮಗ ಢಾಕಾದಾಗ ಬಿದ್ದಾನ.'

ನಮ್ಮ ಮನೆ ಗೋಡೆಯ ಮೇಲೆ ಎನ್‌ಸಿಸಿ ಖಾಕಿಯಲ್ಲಿ ತೆಗೆಸಿಕೊಂಡ ನನ್ನ ಫೋಟೊ ಬೇರೆ ಇತ್ತು. ಇನ್ನೇನು ಬೇಕು?

14ರ ಬೆಳಿಗ್ಗೆ ಅಪ್ಪ ಬಂದ. ತಲೆಗೆ ರುಮಾಲು ಇರಲಿಲ್ಲ. ಬರಿದಲೆಯಲ್ಲಿ ಅಪ್ಪ ಬಸ್ಸು ಹತ್ತಿದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ನಾನು ಕಂಬಳಿ ಹೊದ್ದು ಶೇಂಗಾ ತಿನ್ನುತ್ತಿದ್ದೆ. ಅವನು ಮಾತಾಡಲಿಲ್ಲ. ಕಂಬಳಿ ಎತ್ತಿದ. ಒಂದು ಕಾಲು, ಎರಡು ಕಾಲು. ಆಮೇಲೆ ಬೆರಳು ಎಣಿಸಿದ. ಬಾತ ಗೆಣ್ಣನ್ನು ಒತ್ತಿ ನೋಡಿದ. ನಾನು ಚೀರಿದೆ. ಆಗ ಸಮಾಧಾನವಾಗಿ ಸಿಟ್ಟಿಗೆದ್ದ.

'ಖಡ್ಡಾದಾಗ ಬೀಳ್ಳಾಕ ಕಾಲೇಜ್ ಯಾಕ ಬೇಕಲೇ? ನಮ್ಮ ಹೊಲದಾಗ ಖಡ್ಡಾ ಇಲ್ಲೇನು?'

ವಾರ್ಡನ್ನರು ಅಪ್ಪನ ಮುಖ ನೋಡಿ ರಜೆ ಚೀಟಿಗೆ ಸಹಿ ಹಾಕಿದರು. ಹೀಗೆ ಎಳ್ಳಮಾವಾಸ್ಯೆಗೆ ಸರಿಯಾಗಿ ಊರು ಸೇರಿದೆ.

16ರ ಸಂಜೆ ರೇಡಿಯೊ ಮತ್ತೆ ಕೂಗಿತು. ಢಾಕಾದಲ್ಲಿ ಪಾಕಿಸ್ತಾನದ ಸೈನ್ಯ ಶರಣಾಯಿತು. ಸೆರೆಯಾದವರು ಸುಮಾರು 93,000 ಅಂತ ಆಮೇಲೆ ತಿಳಿಯಿತು. ಊರವರ ಲೆಕ್ಕದಲ್ಲಿ ಅದರಲ್ಲಿ ನಾಲ್ಕಾರು ಮಂದಿ ನನ್ನ ಪಾಲು. ಅಪ್ಪ ಮನೆಮನೆಗೆ ಹೋಗಿ ಖಡ್ಡಾ ಖಡ್ಡಾ ಅಂತ ಹೇಳಿದ. ಯಾರೂ ನಂಬಲಿಲ್ಲ. 'ಮಿಲ್ಟ್ರಿ ವಿಷಯ ಹೊರಗ ಹೇಳಬಾರದು, ಅದಕ್ಕ ಹಂಗ ಅಂತಾನ' ಅಂದರು.

ಮರುದಿನ ಎಲ್ಲರೂ ಬುತ್ತಿ ಹೊತ್ತು ಹೊಲಕ್ಕೆ ನಡೆದು ಹೋದರೆ ನಾನೊಬ್ಬನೇ ಬಂಡಿಯಲ್ಲಿ, ಹುಲ್ಲಿನ ಮೆತ್ತೆಯ ಮೇಲೆ. ಚರಗ ಚೆಲ್ಲಿ ಬಂದ ಅತ್ತಿ ನನ್ನ ಎಲೆಗೆ ಮೂರನೇ ಹೋಳಿಗೆ ಹಾಕಿ, ತುಪ್ಪ ಸುರಿದು, ಮೆಲ್ಲಗೆ ಕೇಳಿದಳು: 'ಅಲ್ಲೋ, ಢಾಕಾದಾಗ ಊಟಕ್ಕ ರೊಟ್ಟಿ ಸಿಗ್ತಿತ್ತೇನು?'

ಬಾಯಿ ತುಂಬ ಹೋಳಿಗೆ ಇತ್ತು. ನಿಜ ಹೇಳಲು ಅದು ಸರಿಯಾದ ಹೊತ್ತಲ್ಲ ಅನ್ನಿಸಿತು. 'ಇಲ್ಲತ್ತಿ, ಬರೇ ಅನ್ನ' ಅಂದೆ.

ಹೋದ ವರ್ಷ ಊರಿಗೆ ಹೋಗಿದ್ದಾಗ ಅದೇ ಅತ್ತಿಯ ಮರಿಮೊಮ್ಮಗ ಮೊಬೈಲಿನಿಂದ ತಲೆ ಎತ್ತಿ ಕೇಳಿದ: 'ಮುತ್ಯಾ, ನಿಮಗ ಮಿಲ್ಟ್ರಿ ಪೆನ್ಶನ್ ಎಷ್ಟು ಬರ್ತದ?'