ಮೆಡಲ್ ಬಂತಾ ಅಂತ ಕೇಳಿದರು ಚಿಕ್ಕಪ್ಪ

ಮೊನ್ನೆ ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೆ ಒಂದು ಹಳೇ ವಿಡಿಯೊ ಹಾಕಿದೆ. ಕೇಟ್ಲಿನ್ ಒಹಾಶಿ ಅನ್ನೋ ಅಮೆರಿಕದ ಹುಡುಗಿಯ ಜಿಮ್ನಾಸ್ಟಿಕ್ಸ್. 2019ರ ಜನವರಿ 12, ಕ್ಯಾಲಿಫೋರ್ನಿಯಾದ ಅನಾಹೈಮ್. ಆಗ ಕೋಟಿಗಟ್ಟಲೆ ಜನ ನೋಡಿದ್ದ ವಿಡಿಯೊ, ನಿಮ್ಮ ಫೋನಿಗೂ ಬಂದಿರುತ್ತೆ. ಅತ್ತಿಗೆ ಸಾಲಾಗಿ ಹಾರ್ಟ್ ಕಳಿಸಿದರು. ಚಿಕ್ಕಪ್ಪ ಮಾತ್ರ ಕೇಳಿದರು: "ಚೆನ್ನಾಗಿದೆ. ಒಲಿಂಪಿಕ್ಸ್‌ನಲ್ಲಿ ಮೆಡಲ್ ಬಂತಾ?"

ಇಲ್ಲ ಚಿಕ್ಕಪ್ಪ, ಒಲಿಂಪಿಕ್ಸಿಗೇ ಹೋಗಲಿಲ್ಲ ಅಂದೆ.

"ಅಯ್ಯೋ ಪಾಪ" ಅಂತ ಬಂತು ಉತ್ತರ.

ಆ 'ಪಾಪ' ನನಗೆ ಎರಡು ದಿನ ಕಾಡಿತು. ಗ್ರೂಪಿನಲ್ಲಿ ಉತ್ತರ ಬರೆಯೋಕೆ ಹೋದೆ, ಉದ್ದ ಆಯ್ತು. ಅದಕ್ಕೇ ಇಲ್ಲಿ ಬರೀತಿದ್ದೇನೆ.

ಮೊದಲು ಆ ವಿಡಿಯೊ. 12 ಮೀಟರ್ ಚೌಕದ ಫ್ಲೋರ್, ಒಂದೂವರೆ ನಿಮಿಷದ ಆಟ, ನಮ್ಮ ಅಪ್ಪ ಅಮ್ಮಂದಿರ ಕಾಲದ ಕುಣಿಸೋ ಹಾಡುಗಳು. ಅವಳು ಓಡಿ ಬಂದು ಲಾಗ ಹಾಕುತ್ತಾಳೆ. ಆಮೇಲೊಮ್ಮೆ ಗಾಳಿಯಲ್ಲಿದ್ದಾಗಲೇ ಎರಡೂ ಕಾಲು ಅಗಲಿಸಿ, ಹಾಗೇ ನೆಲಕ್ಕೆ ಬೀಳುತ್ತಾಳೆ. ನೋಡಿದವರ ತೊಡೆ ಜುಮ್ ಅನ್ನುತ್ತೆ. ಅವಳು ಮಾತ್ರ ಚೆಂಡು ಪುಟಿದ ಹಾಗೆ ಮೇಲೆದ್ದು ನಗುತ್ತಾಳೆ. ನೀವು ಅವಳನ್ನು ಬಿಟ್ಟು ಹಿಂದೆ ನಿಂತಿರೋ ಗೆಳತಿಯರನ್ನು ನೋಡಿ. ಅವಳ ಒಂದೊಂದು ಹೆಜ್ಜೆಯನ್ನೂ ಅವರೂ ಅಲ್ಲೇ ಹಾಕ್ತಿರ್ತಾರೆ, ಮದುವೆ ಮನೆಯಲ್ಲಿ ಕುಣಿಯೋ ಕಸಿನ್ಸ್ ಥರ. ಸಿಕ್ಕಿದ ಅಂಕ: ಹತ್ತಕ್ಕೆ ಹತ್ತು.

"ಎಷ್ಟು ಖುಷಿ ಈ ಹುಡುಗಿಗೆ, ಸ್ವಭಾವವೇ ಹಾಗೆ" ಅಂತ ಎಲ್ಲರೂ ಬರೆಯುತ್ತಾರೆ. ನಾನು ಒಪ್ಪಲ್ಲ. ಆ ವಿಡಿಯೊಗಿಂತ ಎಂಟು ವರ್ಷ ಹಿಂದಕ್ಕೆ ಹೋಗಿ.

2011ರಲ್ಲಿ ಅವಳು ಅಮೆರಿಕದ ಜೂನಿಯರ್ ಚಾಂಪಿಯನ್. ಲಂಡನ್ ಒಲಿಂಪಿಕ್ಸ್ ಬಂದಾಗ ವಯಸ್ಸು 15. ಆ ವರ್ಷ 16 ತುಂಬಲೇಬೇಕು ಅನ್ನೋದು ನಿಯಮ, ಹಾಗಾಗಿ ಅವಕಾಶವೇ ಇರಲಿಲ್ಲ. 2013ರ ಮಾರ್ಚ್‌ನಲ್ಲಿ ಅಮೆರಿಕನ್ ಕಪ್ ಗೆದ್ದಳು. ಎರಡನೇ ಸ್ಥಾನ ಬಂದವಳ ಹೆಸರು ಸಿಮೋನ್ ಬೈಲ್ಸ್. ಹೌದು, ಆಮೇಲೆ ಒಲಿಂಪಿಕ್ಸ್‌ನಲ್ಲಿ ಚಿನ್ನದ ಮೇಲೆ ಚಿನ್ನ ಗೆದ್ದ ಅದೇ ಬೈಲ್ಸ್! ಇಬ್ಬರೂ 1997ರಲ್ಲಿ ಹುಟ್ಟಿದವರು, ಒಂದೇ ತಿಂಗಳ ಅಂತರ. ಅಲ್ಲಿಂದ ಬೈಲ್ಸ್ ಎಲ್ಲಿಗೆ ಹೋದಳು ಅಂತ ಚಿಕ್ಕಪ್ಪನಿಗೂ ಗೊತ್ತು. ಒಹಾಶಿ ಹೋಗಿದ್ದು ಆಪರೇಶನ್ ಟೇಬಲ್‌ಗೆ. ಭುಜ ಹೋಗಿತ್ತು, ಬೆನ್ನುಮೂಳೆ ಬಿರುಕು ಬಿಟ್ಟಿತ್ತು. ಅದರ ಜೊತೆಗೆ ಮೈ ಬಗ್ಗೆ ಮಾತುಗಳು. ಹಾರೋಕಾಗದಷ್ಟು ದಪ್ಪಗಿರೋ ಹಕ್ಕಿ ಅಂತ ತನ್ನನ್ನು ಕರೆದಿದ್ದರು ಅಂತ ಅವಳೇ ಆಮೇಲೆ ಹೇಳಿಕೊಂಡಿದ್ದಾಳೆ. ಹದಿನೈದು, ಹದಿನಾರರ ಹುಡುಗಿ ಕಣ್ರೀ.

ಕಾಲೇಜಿಗೆ ಅಂತ ಲಾಸ್ ಏಂಜಲೀಸ್‌ನ ಯುಸಿಎಲ್‌ಎಗೆ ಸೇರಿದಳು. ಅಲ್ಲಿ ಆಗ ಹೆಡ್ ಕೋಚ್ ಆಗಿದ್ದ ವ್ಯಾಲರಿ ಕೊಂಡೋಸ್ ಫೀಲ್ಡ್ ಬ್ಯಾಲೆ ಕಲಿತವರು. ಜಿಮ್ನಾಸ್ಟಿಕ್ಸ್ ಆಡಿದವರೇ ಅಲ್ಲ. ಆದರೂ ಅವರ ಕೈಕೆಳಗೆ ಯುಸಿಎಲ್‌ಎ ಏಳು ಸಲ ರಾಷ್ಟ್ರೀಯ ಕಾಲೇಜು ಚಾಂಪಿಯನ್ ಆಗಿದೆ. ಒಹಾಶಿ ಅವರಿಗೆ ಒಂದು ಮಾತು ಹೇಳಿದ್ದಳಂತೆ: ನನಗೆ ಮತ್ತೆ ದೊಡ್ಡ ಆಟಗಾರ್ತಿ ಆಗೋದು ಬೇಡ. ಸ್ಕಾಲರ್‌ಶಿಪ್ ಕೊಟ್ಟು ಕರೆತಂದ ಹುಡುಗಿ ಹೀಗಂದರೆ ನಮ್ಮ ಕಡೆ ಏನಾಗುತ್ತಿತ್ತು ಅಂತ ಯೋಚಿಸಿ. ಅವರು ಜಿಮ್‌ನಿಂದ ಹೊರಗೆ ಅವಳ ಹತ್ತಿರ ಜಿಮ್ನಾಸ್ಟಿಕ್ಸ್ ಸುದ್ದಿಯನ್ನೇ ಎತ್ತಲಿಲ್ಲವಂತೆ. ಓದು, ಮನೆ, ಗೆಳೆಯರು, ಇಷ್ಟೇ. ಅವಳು ನಂಬೋವರೆಗೂ ಕಾದರು.

ಆದರೆ ಬರೀ ಒಳ್ಳೆ ಕೋಚ್ ಇದ್ದರೆ ಸಾಲದು. ನಿಯಮಗಳೂ ಬೇರೆ ಇದ್ದವು. ಒಲಿಂಪಿಕ್ಸ್ ಕಡೆಯ ಜಿಮ್ನಾಸ್ಟಿಕ್ಸ್‌ನಲ್ಲಿ 2006ರಿಂದ 'ಹತ್ತಕ್ಕೆ ಹತ್ತು' ಇಲ್ಲ. ಕಷ್ಟದ ಲಾಗ ಸೇರಿಸಿದಷ್ಟೂ ಅಂಕ ಏರುತ್ತೆ, ಮೇಲ್ಮಿತಿ ಇಲ್ಲ. ಅಂದರೆ ಇನ್ನೊಂದು ಸುತ್ತು ತಿರುಗು ಅಂತ ಯಾವಾಗಲೂ ಆಸೆ ಹುಟ್ಟಿಸುತ್ತೆ, ಬೆನ್ನು ನೋಯುತ್ತಿದ್ದರೂ. ಕಾಲೇಜಿನಲ್ಲಿ ಹತ್ತೇ ಕೊನೆ. ಒಂದು ಮಟ್ಟದ ಕಷ್ಟ ದಾಟಿದ ಮೇಲೆ ಮೈ ಮುರಿದುಕೊಂಡು ಲಾಭವಿಲ್ಲ, ಮಾಡಿದ್ದನ್ನು ಅಚ್ಚುಕಟ್ಟಾಗಿ ಮಾಡಬೇಕು. ಕುಣಿಯೋಕೆ, ನಗೋಕೆ ಜಾಗ ಸಿಗೋದು ಅಲ್ಲೇ. ವಾರಕ್ಕೆ 20 ಗಂಟೆಗಿಂತ ಜಾಸ್ತಿ ಅಭ್ಯಾಸ ಮಾಡಿಸುವ ಹಾಗಿಲ್ಲ. ಒಂದೊಂದು ವಿಭಾಗದಲ್ಲೂ ಆರು ಜನ ಆಡಿದರೆ ಐವರ ಅಂಕ ಮಾತ್ರ ಲೆಕ್ಕ. ಒಬ್ಬಳು ಬಿದ್ದರೆ ತಂಡ ತಡೆದುಕೊಳ್ಳುತ್ತೆ.

ಹಾಗಂತ ಅದು ಸುಮ್ನೆ ಮಜಾ ಮಾಡೋ ಜಾಗ ಅಂದುಕೊಳ್ಳಬೇಡಿ. 2018ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ರಾಷ್ಟ್ರೀಯ ಕಾಲೇಜು ಚಾಂಪಿಯನ್‌ಶಿಪ್ ಫೈನಲ್. ಯುಸಿಎಲ್‌ಎಗೆ ಉಳಿದಿದ್ದದ್ದು ಬೀಮ್, ಅಂದರೆ 10 ಸೆಂಟಿಮೀಟರ್ ಅಗಲದ ಪಟ್ಟಿ. ಕೊನೆಗೆ ಹತ್ತಿದವಳು ಪೆಂಗ್-ಪೆಂಗ್ ಲೀ, ಮಂಡಿ ಪೆಟ್ಟಿನಿಂದ ಕೆನಡಾದ ಪರ ಲಂಡನ್ ಒಲಿಂಪಿಕ್ಸ್ ಆಡೋದು ತಪ್ಪಿಸಿಕೊಂಡವಳು. ಹತ್ತಕ್ಕೆ ಹತ್ತು ತೆಗೆದಳು. ಯುಸಿಎಲ್‌ಎ 198.0750, ಓಕ್ಲಹೋಮ 198.0375. ಈ ಅಂತರ ನೋಡಿ ಚಿಕ್ಕಪ್ಪ! ಆ ವರ್ಷ ಒಹಾಶಿಗೆ ಫ್ಲೋರ್‌ನಲ್ಲಿ ಜಂಟಿ ಪಟ್ಟವೂ ಸಿಕ್ಕಿತು.

ನನಗೆ ಸಿಟ್ಟು ಬರೋದು ದುಡ್ಡಿನ ವಿಷಯಕ್ಕೆ. ಅಷ್ಟು ಜನ ನೋಡಿದ ಆ ವಿಡಿಯೊದಿಂದ ಅವಳಿಗೆ ಒಂದು ಡಾಲರ್ ಕೂಡ ಮಾಡಿಕೊಳ್ಳುವ ಹಾಗಿರಲಿಲ್ಲ. ಕಾಲೇಜು ಆಟಗಾರರು ತಮ್ಮ ಹೆಸರಿನಿಂದ ಸಂಪಾದಿಸಬಾರದು ಅನ್ನೋದು ಆಗಿನ ಕಟ್ಟಳೆ. ಬೈಲ್ಸ್ ಕೂಡ ಯುಸಿಎಲ್‌ಎಗೆ ಸೇರೋಕೆ ಸಹಿ ಹಾಕಿದ್ದಳು, 2015ರಲ್ಲಿ ಜಾಹೀರಾತಿನ ದುಡ್ಡು ಬೇಕಾಗಿ ಕಾಲೇಜು ಆಟ ಬಿಟ್ಟಳು. ಇಲ್ಲದಿದ್ದರೆ ಇಬ್ಬರೂ ಒಂದೇ ತಂಡದಲ್ಲಿರುತ್ತಿದ್ದರು. ಒಹಾಶಿ ಕಾಲೇಜು ಮುಗಿಸಿದ ಮೇಲೆ ಈ ಕಟ್ಟಳೆ ವಿರುದ್ಧ ಬಾಯಿ ಬಿಟ್ಟು ಮಾತಾಡಿದಳು. ನಿಯಮ ಬದಲಾಗಿದ್ದು 2021ರ ಜುಲೈ 1ಕ್ಕೆ. ಅವಳ ಪಾಲಿಗೆ ಎರಡು ವರ್ಷ ತಡ.

ನಮ್ಮ ದೀಪಾ ಕರ್ಮಾಕರ್ ನೆನಪಾಗುತ್ತಾಳೆ. 2016ರ ರಿಯೊ ಒಲಿಂಪಿಕ್ಸ್, ವಾಲ್ಟ್‌ನಲ್ಲಿ (ಓಡಿ ಬಂದು ಮೇಜಿನಂಥದ್ದರ ಮೇಲೆ ಕೈಯೂರಿ ಹಾರೋ ಆಟ) ನಾಲ್ಕನೇ ಸ್ಥಾನ, ಕಂಚಿಗೆ 0.150 ಅಂಕ ಕಡಿಮೆ. ಇಡೀ ದೇಶ ಒಂದು ವಾರ ಕುಣಿದು ಮರೆತಿತು. ಒಹಾಶಿಗೆ ಒಂದು ಬಾಗಿಲು ಮುಚ್ಚಿದಾಗ ಜನ ತುಂಬಿದ ಇನ್ನೊಂದು ಅಂಗಳ ಇತ್ತು. ನಮ್ಮ ಹುಡುಗಿಯರಿಗೆ ಅಂಥದ್ದು ಎಲ್ಲಿದೆ? ಪಾಪ ಅನ್ನೋದಿದ್ದರೆ ಇದಕ್ಕೆ ಅನ್ನಿ.

ಇಷ್ಟನ್ನೂ ನಿನ್ನೆ ರಾತ್ರಿ ಚಿಕ್ಕಪ್ಪನಿಗೆ ಫೋನ್ ಮಾಡಿ ಹೇಳಿದೆ. "ಹ್ಞೂಂ, ಹ್ಞೂಂ" ಅಂದರು. ಟಿವಿ ಸದ್ದು ಕೇಳಿಸುತ್ತಿತ್ತು. ಇವತ್ತು ಬೆಳಿಗ್ಗೆ ಆರೂವರೆಗೆ ಗ್ರೂಪಿನಲ್ಲಿ ಅವರಿಂದ ಒಂದು ಫಾರ್ವರ್ಡ್: "ಎಲ್ಲರೂ ತಪ್ಪದೆ ನೋಡಿ, ಎಂಥಾ ಹುಡುಗಿ!" ತೆರೆದು ನೋಡಿದರೆ ಅದೇ ವಿಡಿಯೊ.